ಹೂಂಗುಟ್ಟುವವನಿಗೊಂದು ಕುರ್ಚಿ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಹೂಂಗುಟ್ಟಪ್ಪನಿಗೆ,

ಈ ಹೆಸರು ಹಿಡಿದು ಕರೆದರೆ ನಿನಗೆ ಮೂಗಿನ ತುದಿಗೆ ಸಿಟ್ಟು ಬರುತ್ತದೆಂದು ಗೊತ್ತು. ಬರಲಿ. ಇವತ್ತಿನ ವಿಷಯ ಬೇರೆ ಹೆಸರಿನಿಂದ ಶುರುವಾಗುವುದಿಲ್ಲ.

ನಿನ್ನ ಕಿವಿ ಹೇಗಿದೆ? ಹೋದ ಸಲ ಬಲಗಿವಿಯೊಳಗೆ ಜೀರುಂಡೆ ಕೂತ ಹಾಗಿದೆ ಎಂದಿದ್ದೆ. ಆಗಾಗ ಹೆಡ್‌ಫೋನ್ ಕಳಚಿಟ್ಟು ಹೊರಗೆ ನಡೆದಾಡು. ಕಂಡವರ ಸಿನಿಮಾದ ಸದ್ದು ಸರಿಮಾಡಲು ಹೋಗಿ ನಿನ್ನ ಕಿವಿ ಕಳೆದುಕೊಳ್ಳಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪನ ಮೊಣಕಾಲು ಮೆಟ್ಟಿಲು ಕಂಡಾಗ ನೋಯುತ್ತದೆ. ಮಹಡಿಯ ಮೇಲಿಂದ ಕಾಫಿಯ ವಾಸನೆ ಬಂದರೆ ನೋಯುವುದಿಲ್ಲ. ಅಮ್ಮನ ಗಂಟಲಿನ ಆಪರೇಷನ್ ಇಪ್ಪತ್ತನಾಲ್ಕಕ್ಕೇ ನಡೆಯುತ್ತದೆ, ದಿನ ಬದಲಾಗಿಲ್ಲ. ಗಂಟು ಕೆಟ್ಟದ್ದಲ್ಲ ಎಂದು ವೈದ್ಯರು ಮತ್ತೊಮ್ಮೆ ಹೇಳಿದರು. ಧ್ವನಿ ಈಗಿನಂತೆಯೇ ಉಳಿಯುತ್ತದೆಯೇ ಎಂದು ಕೇಳಿದೆ. "ಮಾತಾಡೋಕೆ ಏನೂ ತೊಂದ್ರೆ ಇಲ್ಲಮ್ಮ" ಎಂದರು. ನಾನು ಕೇಳಿದ್ದು ಅದನ್ನಲ್ಲ. ಮತ್ತೆ ಕೇಳಿದೆ, ಅದೇ ಉತ್ತರ ಬಂತು.

ಇನ್ನು ಸುದ್ದಿ. ಶುಕ್ರವಾರದ ರೆಕಾರ್ಡಿಂಗಿಗೆ ಬರುವುದಿಲ್ಲವೆಂದು ಅಮ್ಮ ನಿನ್ನೆ ರೇಡಿಯೊ ಸ್ಟೇಷನ್ನಿಗೆ ತಿಳಿಸಿದ್ದಾಳೆ. ಇದನ್ನು ನನಗೆ ಹೇಳಿದ್ದು ಅಪ್ಪ. ನಾನು ಆಫೀಸಿನಲ್ಲಿ ನಾಳಿನ ಪತ್ರಿಕೆಯ ಮುಖಪುಟ ಜೋಡಿಸುತ್ತಿದ್ದಾಗ ಫೋನ್ ಮಾಡಿ, "ನಿಮ್ಮಮ್ಮ ಒಲ್ಲೆ ಅಂದ್ಬಿಟ್ಲು, ನನ್ನನ್ನೇನೂ ಕೇಳಬೇಡ" ಎಂದು ಇಟ್ಟುಬಿಟ್ಟರು. ಒಬ್ಬರ ಮಾತಿನ ಮೇಲೆ ಸುದ್ದಿ ಮಾಡಬಾರದಲ್ಲ, ಕಾರ್ಯಕ್ರಮ ನೋಡಿಕೊಳ್ಳುವ ಮೇಡಂಗೂ ಫೋನ್ ಮಾಡಿದೆ. ಹೌದು ಎಂದರು. ಬೇಸರವಿತ್ತು, ಸಿಟ್ಟಿರಲಿಲ್ಲ. "ನಿಮ್ಮ ತಾಯಿ ಕಾರಣ ಹೇಳಿದ್ರು, ನಂಗೆ ಅರ್ಥ ಆಗ್ಲಿಲ್ಲ" ಎಂದರು. ಅಮ್ಮ ಹೇಳಿದ ಕಾರಣ ಇಷ್ಟೇ: "ಹೂಂ ಅನ್ನೋರಿಲ್ಲ."

ಹೂಂ ಅಂದೆಯಾ? ಹಾಗಾದರೆ ಮುಂದಕ್ಕೆ ಹೋಗುತ್ತೇನೆ. ಇದನ್ನು ಫೋನಿನಲ್ಲಿ ಹೇಳದೆ ಬರೆಯುತ್ತಿರುವುದಕ್ಕೂ ಕಾರಣವಿದೆ. ಫೋನಿನಲ್ಲಿ ನನ್ನ ವಾಕ್ಯ ಮುಗಿಯುವ ಮೊದಲೇ ನೀನು "ಸರಿ ಸರಿ" ಎನ್ನುತ್ತೀಯ. ಕಾಗದಕ್ಕೆ ಸರಿ ಸರಿ ಎನ್ನಲು ಬರುವುದಿಲ್ಲ.

ನಿನ್ನ ಪ್ಯಾಕೆಟ್ಟು ಮಂಗಳವಾರ ಬಂತು. ಸಂಜೆ ಊಟದ ಮೇಜಿನ ಮೇಲೆ ಸ್ಪೀಕರ್ ಇಟ್ಟುಕೊಂಡು ಎಲ್ಲರೂ ಕೂತೆವು: ಅಪ್ಪ, ಅಮ್ಮ, ನಾನು, ನನ್ನ ಮಗಳು. ಅಮ್ಮನ ಹಳೆಯ ಮಕ್ಕಳ ಕಾರ್ಯಕ್ರಮವನ್ನು ಸ್ಟೇಷನ್ನಿನವರು ಮತ್ತೆ ಜನರಿಗೆ ಕೇಳಿಸುತ್ತಾರೆ, ಅದನ್ನು ಚೊಕ್ಕಟ ಮಾಡಿದವನು ಕಥೆ ಹೇಳಿದವಳ ಮಗನೇ ಎಂದು ಅಪ್ಪ ಓಣಿಗೆಲ್ಲ ಡಂಗುರ ಸಾರಿಯಾಗಿತ್ತು. ನಿನ್ನ ಕೆಲಸ ಚೆನ್ನಾಗಿದೆ ಕಣೋ, ಅಕ್ಕ ಎಂಬ ಕಾರಣಕ್ಕೆ ಹೇಳುತ್ತಿಲ್ಲ. ಆ ಸ್ಟುಡಿಯೊದ ಫ್ಯಾನು ಅಮ್ಮನ ಮಾತಿನ ಮೇಲೆ ಹಿಟ್ಟಿನ ಗಿರಣಿ ಓಡಿದ ಹಾಗೆ ಓಡುತ್ತಿತ್ತು, ಅದು ಮಾಯ. ಟೇಪಿನ ಕೊರಕೊರ ಮಾಯ. ಕುರ್ಚಿಯ ಕಿರುಗುಟ್ಟುವ ಸದ್ದೂ ಮಾಯ. ಮೂವತ್ತು ವರ್ಷ ಚಿಕ್ಕವಳಾದ ಅಮ್ಮ ನಮ್ಮ ಮೇಜಿನ ಮೇಲೇ ಕೂತು ಮಾತಾಡಿದಳು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು, ಗಾಜಿನಲ್ಲಿ ಧೂಳಿತ್ತಂತೆ.

ಕಥೆ ನಿನಗೆ ನೆನಪಿರಬೇಕು. ಎಡಗಾಲಿನ ಜೋಡನ್ನಷ್ಟೇ ಹೊಲಿಯಲು ಬಲ್ಲ ಒಬ್ಬ. ಎಂಥಾ ಚರ್ಮ ಕೊಟ್ಟರೂ ಅವನ ಕೈಯಲ್ಲಿ ಎಡಗಾಲಿನದ್ದೇ ಆಗುತ್ತದೆ. ಒಂದೇ ಇದ್ದರೆ ಅದನ್ನು ಜೋಡು ಅನ್ನೋದು ಹೇಗಪ್ಪಾ ಎಂದು ಗಿರಾಕಿಗಳು ನಗುತ್ತಾರೆ. ಕೊನೆಗೆ ಅವನು ಅಂಗಡಿ ಮುಚ್ಚಿ, ಬಲಗಾಲಿನದ್ದನ್ನು ಹೊಲಿಯುವವನನ್ನು ಹುಡುಕಿಕೊಂಡು ಹೊರಡುತ್ತಾನೆ. ಅಮ್ಮ ಕಣ್ಣುಮುಚ್ಚಿ ಕೇಳುತ್ತಿದ್ದಳು. ಒಂದು ಮಾತು ಮುಗಿದು ಸಣ್ಣ ತೆರಪು ಬಂದಾಗ ಕತ್ತು ಸ್ವಲ್ಪ ವಾಲಿಸಿ ಕಾದಳು. ಏನೂ ಬರಲಿಲ್ಲ, ಕಥೆ ಮುಂದೆ ಹೋಯಿತು. ಮತ್ತೆ ತೆರಪು, ಮತ್ತೆ ಕಾದಳು. ಮೂರನೆಯ ಸಲ ತಾನೇ ಮೆಲ್ಲಗೆ "ಹೂಂ" ಎಂದಳು. ಆಗ ನನಗೆ ಹೊಳೆಯಿತು. ಫ್ಯಾನಿನ ಜೊತೆ, ಕುರ್ಚಿಯ ಜೊತೆ, ನೀನು ನಿನ್ನನ್ನೂ ತೆಗೆದುಹಾಕಿದ್ದೀಯ.

ಕೇಳಿ ಮುಗಿಸಿದ ಮೇಲೆ ಅಮ್ಮ, "ಇದ್ರಲ್ಲಿ ನಾನು ಯಾರಿಗೆ ಕಥೆ ಹೇಳ್ತಿದ್ದೀನಿ?" ಎಂದಳು. ಅಪ್ಪ ಸಮಾಧಾನಕ್ಕೆ "ಜನಕ್ಕೆ ಕಣೇ" ಎಂದರು. "ಜನ ಅಂದ್ರೆ ಯಾರು? ಜನಕ್ಕೆ ಮೂಗು ಸೋರುತ್ತಾ?" ಎಂದಳು. ನನ್ನ ಮಗಳಿಗೆ ಅರ್ಥವಾಗಲಿಲ್ಲ, ನಕ್ಕಳು. ಅವಳಿಗೆ ನಾನು ಹೇಳಬೇಕಾಯಿತು: ನಿಮ್ಮ ಮಾವನನ್ನು ಮನೆಯಲ್ಲಿ ಬಿಡಲು ಯಾರೂ ಇರಲಿಲ್ಲ, ಅಜ್ಜಿ ಸ್ಟುಡಿಯೊಗೇ ಎತ್ತಿಕೊಂಡು ಹೋಗುತ್ತಿದ್ದಳು, ಮೂಗು ಸೋರಿಸಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತು ಪ್ರತಿ ಮಾತಿಗೂ ಹೂಂ ಎನ್ನುತ್ತಿದ್ದ, ಆಗಿನ ಸಾಹೇಬರು ಮಗುವನ್ನು ಹೊರಗೆ ಕಳಿಸಿ ಎಂದಾಗ ಅಜ್ಜಿ, "ಅವನು ಹೋದ್ರೆ ಕಥೆನೂ ಅವನ ಹಿಂದೇನೇ ಹೋಗುತ್ತೆ ಸಾರ್" ಎಂದಳು. ಆಮೇಲೆ ಕೇಳುಗರು ಅಮ್ಮನಿಗಿಂತ ನಿನ್ನನ್ನೇ ಹೆಚ್ಚು ವಿಚಾರಿಸುತ್ತಿದ್ದರು. ನಿನ್ನ ಅಡ್ಡಹೆಸರು ನಾನು ಇಟ್ಟದ್ದಲ್ಲ, ರೇಡಿಯೊ ಕೇಳುವ ಜನ ಇಟ್ಟದ್ದು. ಅದು ಶಾಲೆಯವರೆಗೂ ಬಂದು ನಿನ್ನನ್ನು ಅಳಿಸಿತು ಎಂಬುದೂ ನನಗೆ ನೆನಪಿದೆ. ಹಾಗಾಗಿ ಆ ಸದ್ದು ನಿನ್ನ ಕಿವಿಗೆ ಚುಚ್ಚಿದ್ದರೆ ಆಶ್ಚರ್ಯವಿಲ್ಲ. ಅಮ್ಮನಿಗೆ ನಾಟಿದ್ದು ಪ್ಯಾಕೆಟ್ಟಿನ ಜೊತೆ ನೀನಿಟ್ಟ ಚೀಟಿಯ ಒಂದು ಪದ. "ಗಲಾಟೆ ಎಲ್ಲಾ ತೆಗೆದಿದ್ದೀನಿ" ಎಂದು ಬರೆದಿದ್ದೆ. ಅಮ್ಮ ನನ್ನ ಕೈಲಿ ಎರಡು ಸಲ ಓದಿಸಿದಳು. "ಗಲಾಟೆ ಅಂದ್ನಾ?" ಎಂದಳು. ಎದ್ದು ಹೋಗಿ ಒಣಗಿದ ಬಟ್ಟೆ ಮಡಿಸತೊಡಗಿದಳು.

ಇನ್ನೊಂದು. ನೀನು ಕಳಿಸಿದ್ದು ಕೊನೆಗೆ ಮೆಲ್ಲಗೆ ಸಂಗೀತದಲ್ಲಿ ಕರಗುತ್ತದಲ್ಲ, ಅದು ನೀನು ಹಾಕಿದ ಸಂಗೀತ. ಮೂಲದಲ್ಲಿ ಅಲ್ಲಿ ಏನಿದೆಯೆಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಎಡಗಾಲಿನವನು ಸಂತೆ ದಾಟಿ ಹೊಳೆಯ ದಂಡೆಗೆ ಬರುತ್ತಾನೆ, ಆಚೆ ದಡದಲ್ಲಿ ಯಾರೋ ಕುಂಟುತ್ತಾ ಬರುವುದು ಕಾಣುತ್ತದೆ, ಅಷ್ಟರಲ್ಲಿ ನಿನ್ನ ಹೂಂ ನಿಲ್ಲುತ್ತದೆ. ನಿದ್ದೆ. ಅಮ್ಮ ದನಿ ತಗ್ಗಿಸಿ, "ಮಲಗಿಬಿಟ್ಟ. ಮಿಕ್ಕಿದ್ದು ಅವನು ಎದ್ಮೇಲೆ" ಎಂದು ಅಲ್ಲಿಗೇ ನಿಲ್ಲಿಸುತ್ತಾಳೆ. ಅದೇ ಕೊನೆಯ ಕಾರ್ಯಕ್ರಮವಾಯಿತು. ಮುಂದಿನ ವಾರ ಆ ಹೊತ್ತಿಗೆ ಬೇರೇನೋ ಬಂತು, ನೀನು ಶಾಲೆಗೆ ಹೋದೆ, ಹೂಂ ಎನ್ನುವುದನ್ನೇ ಬಿಟ್ಟೆ. ಈಗಿನ ಮೇಡಂ ಆ ಟೇಪು ಕೇಳಿ, ಕಥೆ ಮುಗಿದೇ ಇಲ್ಲ, ಮಿಕ್ಕದ್ದನ್ನು ಈಗ ಹೇಳಿಸೋಣ ಎಂದದ್ದು. ಗಂಟಲಿಗೆ ಕತ್ತರಿ ಬೀಳುವ ಮೊದಲು ಇರುವುದು ಆ ಶುಕ್ರವಾರ ಒಂದೇ. ಇಷ್ಟು ವರ್ಷ ಮನೆಯಲ್ಲೇಕೆ ಹೇಳಲಿಲ್ಲ ಎಂದು ಕೇಳಿದೆ. "ಯಾರು ಕೇಳಿದ್ರು?" ಎಂದಳು.

ಹೂಂ ಎನ್ನುವವರನ್ನು ನಾವು ಹುಡುಕಲಿಲ್ಲವೆಂದುಕೊಳ್ಳಬೇಡ. ಬುಧವಾರದಿಂದ ಈ ಮನೆಯಲ್ಲಿ ನಡೆದದ್ದು ಅದೇ. ಮೊದಲು ಅಪ್ಪ ಕೂತರು. ಅಮ್ಮ ಬಾಯಿ ತೆರೆಯುವ ಮೊದಲೇ ಹೂಂ ಎಂದರು. "ನಿಮ್ಮ ಹೂಂ ಮೇಲೆ ಸಂಸಾರ ನಡೆಸಬಹುದು, ಕಥೆ ನಡೆಸೋಕಾಗಲ್ಲ" ಎಂದು ಎಬ್ಬಿಸಿದಳು. ಆಮೇಲೆ ನಾನು. ಹೊಳೆ ದಾಟಲು ದೋಣಿ ಇತ್ತಾ, ಸೇತುವೆ ಇತ್ತಾ ಎಂದು ಒಂದೇ ಒಂದು ಸಲ ಕೇಳಿದೆ. "ನೀನು ಹೂಂ ಅನ್ನಲ್ಲ ಕಣೇ, ಹೂಂ? ಅಂತೀಯ. ಇದೇನು ಪತ್ರಿಕಾಗೋಷ್ಠಿನಾ?" ಎಂದಳು. ನನ್ನ ಮಗಳು ತನ್ನ ಫೋನನ್ನೇ ಕೂರಿಸಿದಳು. ಅಮ್ಮ ಒಂದು ವಾಕ್ಯ ಹೇಳಿದ ಕೂಡಲೇ ಅದರೊಳಗಿನ ಹೆಂಗಸು, "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಎಂದಳು. "ಪಾಪ, ಇದ್ದದ್ದು ಇದ್ದ ಹಾಗೆ ಹೇಳ್ತಾಳೆ. ನಿಮ್ಮಪ್ಪನಿಗಿಂತ ವಾಸಿ" ಎಂದು ಅಮ್ಮ ಅದರ ತಲೆ ಸವರಿದಳು.

ಈ ಕಾಲದಲ್ಲಿ ಎಲ್ಲರೂ ಬಾಯಿಯೇ, ಕಿವಿ ಯಾರಿಗೂ ಇಲ್ಲ ಎಂದು ನಮ್ಮ ಪತ್ರಿಕೆಗೆ ವಾರಕ್ಕೊಂದು ಲೇಖನ ಬರುತ್ತದೆ. ಅರ್ಧ ಮಾತ್ರ ನಿಜ. ಯಾವ ಬರಹವನ್ನು ಎಷ್ಟು ಜನ ತೆರೆದರು, ಯಾರು ಎಲ್ಲಿ ಬಿಟ್ಟುಹೋದರು ಎಂದು ಆಫೀಸಿನ ಗೋಡೆಯ ಮೇಲೆ ಈಗ ಒಂದು ಪರದೆ ದಿನವಿಡೀ ತೋರಿಸುತ್ತದೆ. ಬರೆಯುವ ಹುಡುಗರು ಅದನ್ನು ನೋಡಿ ನೋಡಿಯೇ ಬರೆಯುತ್ತಾರೆ. ಅವರಿಗೂ ಬೇಕಾಗಿರುವುದು ಒಂದು ಹೂಂ, ಸಿಗುವುದು ಲೈಕು. ಲೈಕು ಎಲ್ಲ ಮುಗಿದ ಮೇಲೆ ಬರುತ್ತದೆ. ಹೂಂ ನಡುವೆ ಬಂದು, ಹೇಳುವವರ ಕೈ ಹಿಡಿದು ಮುಂದಿನ ಮಾತಿಗೆ ದಾಟಿಸುತ್ತದೆ. ಇನ್ನರ್ಧ ಆ ಲೇಖಕರಿಗೆ ಗೊತ್ತಿಲ್ಲ. ಎಲ್ಲವನ್ನೂ ಎರಡರಷ್ಟು ವೇಗದಲ್ಲಿ ಕೇಳುವ ನನ್ನ ಮಗಳು, ಗೆಳತಿಯ ಜೊತೆ ಫೋನು ಹಚ್ಚಿಟ್ಟುಕೊಂಡು ಗಂಟೆಗಟ್ಟಲೆ ಪಾಠ ಬರೆಯುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ನಡುವೆ ಆ ಕಡೆಯಿಂದ ಏನೋ ಗೊಣಗಿದರೆ ಈ ಕಡೆಯಿಂದ ಒಂದು "ಹ್ಮ್". ಅಷ್ಟೇ ವೇಗ, ಅಷ್ಟೇ ತೂಕ, ನಿನ್ನದೇ ಹೂಂ. ಆದರೆ ಅದನ್ನು ಟೈಪ್ ಮಾಡಿ ಕಳಿಸಬಾರದಂತೆ. "ಅಜ್ಜಿ, ಹ್ಮ್ ಅಂತ ಮೆಸೇಜ್ ಮಾಡಿದ್ರೆ ಸಿಟ್ಟು ಬಂದಿದೆ ಅಂತ ಅರ್ಥ." ಅಮ್ಮ ತಕ್ಷಣ, "ಹಾಗಿದ್ರೆ ನಿಮ್ಮ ಮಾವನಿಗೆ ಒಂದು ಕಳಿಸು" ಎಂದಳು.

ಹಾಗಾಗಿ ಗುರುವಾರ ಮಗಳನ್ನೇ ಕೂರಿಸಿದೆವು. ಚೆನ್ನಾಗಿ ಹೂಂಗುಟ್ಟಿದಳು. ಅಮ್ಮ ಖುಷಿಯಿಂದ ಅವಳಿಗೊಂದು ಕಥೆ ಹೇಳಿದಳು, ನಾವ್ಯಾರೂ ಕೇಳಿರದ ಹೊಸ ಕಥೆ. ಎಡಗಾಲಿನವನದ್ದಲ್ಲ. ಅದನ್ನು ಹೇಳು ಎಂದರೆ, "ಅದು ಇವಳದ್ದಲ್ಲ. ಅದನ್ನ ಅರ್ಧ ಕೇಳಿದವನು ಇನ್ನೂ ಎದ್ದಿಲ್ಲ" ಎಂದಳು. ಶನಿವಾರ ಸ್ಟೇಷನ್ನಿಗೆ ಫೋನ್ ಮಾಡಿದಳು.

ಈಗ ನನ್ನ ಕೋರಿಕೆ. ಸ್ಟೇಷನ್ನಿನ ಹಳೆಯ ಟೇಪು ಒಂದೇ ಸಲ ಓಡಿ, ಇಳಿಸಿಕೊಂಡ ಒಂದೇ ಪ್ರತಿಯನ್ನು ನಿನಗೆ ಕಳಿಸಿದ ಮೇಲೆ ಪುಡಿಪುಡಿಯಾಗಿ ಉದುರಿಹೋಯಿತೆಂದು ಮೇಡಂ ಹೇಳುತ್ತಾರೆ. ಮೂಲದ ಹಾಗೇ ಇರುವುದು ಈಗ ನಿನ್ನ ಹತ್ತಿರ ಮಾತ್ರ. ಅಳಿಸಿಲ್ಲವೆಂದು ನನಗೆ ನಂಬಿಕೆಯಿದೆ. ಹರಿದ ಕಾಲುಚೀಲವನ್ನೂ ಎಸೆಯದವನು ನೀನು. ಫ್ಯಾನು ತೆಗೆ, ಕೊರಕೊರ ತೆಗೆ. ಹೂಂ ಇರಲಿ. ಮೂಗು ಎಳೆದುಕೊಳ್ಳುವ ಸದ್ದೂ ಇರಲಿ. ಮೇಡಂ ಅದನ್ನೇ ಪ್ರಸಾರ ಮಾಡಲು ಒಪ್ಪಿದ್ದಾರೆ. ಫೈಲು ಬೇಗ ಕಳಿಸು. ನಿನ್ನ ಸಿನಿಮಾದ ಕೆಲಸ ಕುತ್ತಿಗೆಗೆ ಬಂದಿದೆಯೆಂದು ಗೊತ್ತು, ಬೇರೇನೂ ಕೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ತಿನ್ನು. ಅಪ್ಪನ ಆಶೀರ್ವಾದ ಎಂದಿನಂತೆ ಪೂರ್ತಿ ಇದೆ. ಅಮ್ಮನದು ಸದ್ಯಕ್ಕೆ ಅರ್ಧ, ಮಿಕ್ಕ ಅರ್ಧವನ್ನು ಕೈಯಲ್ಲೇ ಇಟ್ಟುಕೊಂಡಿದ್ದಾಳೆ. ನಿನ್ನ ಸೊಸೆ ಒಂದು ಹ್ಮ್ ಕಳಿಸಿದ್ದಾಳೆ, ಯಾವ ಅರ್ಥದ್ದೆಂದು ಹೇಳಲಿಲ್ಲ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಹುಡುಕಲು ಒಳಗೆ ಹೋದಾಗ ಅಮ್ಮ ಮಂಚದ ಮೇಲೆ ಕೂತು ಒಬ್ಬಳೇ ಕಥೆ ಹೇಳಿಕೊಳ್ಳುತ್ತಿದ್ದಳು, ಗೊಗ್ಗರು ದನಿಯಲ್ಲಿ. ಹೊಳೆಯ ದಂಡೆಯವರೆಗೆ ಬಂದು ನಿಲ್ಲಿಸಿದಳು. ಮತ್ತೆ ಮೊದಲಿನಿಂದ ಶುರುಮಾಡಿದಳು. ನಾನು ನಿನಗೆ ಬರೆದಿರುವುದು ಅವಳಿಗೆ ಗೊತ್ತಿಲ್ಲ. ಆದ್ದರಿಂದ ಮೇಲಿನದಕ್ಕೆ ಒಂದು ತಿದ್ದುಪಡಿ: ಫೈಲು ಕಳಿಸಬೇಡ, ತೆಗೆದುಕೊಂಡು ಬಾ. ಈ ಕಾಗದ ನಾಳೆ ಕೊರಿಯರ್‌ಗೆ ಕೊಟ್ಟರೆ ಮಂಗಳವಾರ ನಿನ್ನ ಕೈ ಸೇರುತ್ತದೆ. ಅಮ್ಮ ಬೇಡವೆಂದರೂ ಸ್ಟುಡಿಯೊ ರದ್ದು ಮಾಡಬೇಡಿ ಎಂದು ನಾನು ಮೇಡಂಗೆ ಹೇಳಿಯಾಗಿದೆ. ರೆಕಾರ್ಡಿಂಗ್ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ. ಎರಡು ಕುರ್ಚಿ ಹಾಕಿಸುತ್ತಾರೆ.