ಇನ್ಸ್‌ಪೆಕ್ಟರನ ಕೈಯ ಪ್ಯಾಡು

ಪೋಕೀಪ್ಸಿ
೪ ಏಪ್ರಿಲ್ ೨೦೧೧

ಮಾರ್ಟ್,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಹಾಕುವ ಅಭ್ಯಾಸ ಕೈಗೆ ಇನ್ನೂ ಇದೆ. ತಡೆದುಕೊಂಡು ಬರೆಯುತ್ತಿದ್ದೇನೆ. ವಿಚ್ಛೇದನವಾಗಿ ಮೂವತ್ತನಾಲ್ಕು ವರ್ಷವಾಯಿತು, ಈ ಅವಧಿಯಲ್ಲಿ ನಿನಗೆ ಒಂದು ಸಾಲು ಬರೆದವಳಲ್ಲ. ಇವತ್ತೂ ಬರೆಯುತ್ತಿರಲಿಲ್ಲ, ಮೊನ್ನೆ ಭಾನುವಾರದ ಪತ್ರಿಕೆಯಲ್ಲಿ ನಿನ್ನ ಫೋಟೊ ಬರದೇ ಇದ್ದಿದ್ದರೆ. ತಲೆಗೂದಲೆಲ್ಲ ಹೋಗಿದೆ. ಸುಳ್ಳು ಹೇಳುವಾಗ ಎಡಹುಬ್ಬು ಮೇಲೇರುವುದು ಮಾತ್ರ ಹೋಗಿಲ್ಲ.

ನೀನು ತೆಗೆದ ‘ಲುವೆಲ್ಲಾಳ ಲಾಡ್ಜು ಮತ್ತೆ ತೆರೆದಿದೆ’ ಚಿತ್ರವನ್ನು ತೊಳೆದು, ಗೀರು ಅಳಿಸಿ, ಹೊಸದಾಗಿ ಬಿಡುಗಡೆ ಮಾಡುತ್ತಾರಂತೆ. ಎಪ್ಪತ್ತರ ದಶಕದ ನೀಲಿಚಿತ್ರಗಳಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕ ಚಿತ್ರ, ಮೊದಲ ಭಾಗಕ್ಕಿಂತ ಎರಡನೆಯದೇ ಮೇಲಾದ ಅಪರೂಪದ ಉದಾಹರಣೆ ಎಂದೆಲ್ಲ ಬರೆದಿದ್ದಾರೆ. ಕಥೆ, ಸಂಭಾಷಣೆ ಎಂದು ಪರದೆಯ ಮೇಲೆ ಬರುವ ಹಾರೇಸ್ ಪಿಮ್ ಯಾರು ಎಂದು ವರದಿಗಾರ ಕೇಳಿದ್ದಾನೆ. ನೀನು ನಕ್ಕು, “ನಾನೇ ಕಣಯ್ಯಾ, ಇನ್ಯಾರಿರ್ತಾರೆ?” ಅಂದೆಯಂತೆ.

ಹಾರೇಸ್ ಎನ್ನುವುದು ಯಾಂಕರ್ಸ್ ಊರಿನಲ್ಲಿದ್ದ ನಮ್ಮ ಮನೆಯ ಕೆಳಗಿನ ಮಹಡಿಯವರ ಬೆಕ್ಕು. ಪಿಮ್ ಎನ್ನುವುದು ಮೂಲೆಯ ಔಷಧಿ ಅಂಗಡಿ. ನಮ್ಮ ಕಸುಬಿನಲ್ಲಿ ಯಾರೂ ಸ್ವಂತ ಹೆಸರು ಹಾಕುತ್ತಿರಲಿಲ್ಲ, ಹಾಗಾಗಿ ಊಟದ ಮೇಜಿನಲ್ಲಿ ಕೂತು ನಾನು ಆ ಹೆಸರು ಕಟ್ಟಿದೆ. ನೀನು ಆಗ ಬ್ರಿಸ್ಕೆಟ್ ಮಾಂಸ ಸರಿಯಾಗಿ ಬೆಂದಿಲ್ಲ ಎಂದು ಗೊಣಗುತ್ತಿದ್ದೆ.

ನಿನಗೆ ಮರೆವು ಬಂದಿರಬಹುದು, ನೆನಪಿಸುತ್ತೇನೆ. ಮೊದಲ ಭಾಗದಲ್ಲಿ ಕಥೆ ಎಂಬುದೇ ಇರಲಿಲ್ಲ. ಬಾಗಿಲು ತೆರೆಯುತ್ತಿತ್ತು, ಬಟ್ಟೆ ಬೀಳುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು. ಪೊಲೀಸರು ರೀಲುಗಳನ್ನು ಹೊತ್ತುಕೊಂಡು ಹೋದರು. ಆಗ ನಿನ್ನ ವಕೀಲ ಬ್ರಾಡ್‌ಸ್ಕಿ ಮನೆಗೆ ಬಂದು ಹೇಳಿದ್ದು ಇಷ್ಟು: “ಒಂದು ಕಥೆ, ನಾಕು ಒಳ್ಳೆ ಮಾತು ಇದ್ದಿದ್ರೆ ಇದು ಕಲೆ ಅಂತ ಜಡ್ಜ್ ಮುಂದೆ ಬಾಯಿ ಬಿಡಬಹುದಿತ್ತು. ಮುಂದಿನದ್ರಲ್ಲಿ ಏನಾದ್ರೂ ತುರುಕ್ರಪ್ಪ.” ನೀನು ನನ್ನ ಕಡೆ ತಿರುಗಿ, “ಡೋರಿ, ನೀನು ಟೀಚರ್ ಅಲ್ವಾ, ಒಂದು ಕಥೆ ಬರಿ,” ಅಂದೆ. ಉಪ್ಪು ಕೊಡು ಅಂದ ಹಾಗೆ.

ಕ್ಯಾಟ್‌ಸ್ಕಿಲ್ಸ್ ಬೆಟ್ಟದಲ್ಲಿ ಚಳಿಗಾಲಕ್ಕೆ ಮುಚ್ಚಿದ್ದ ಆ ಬೇಸಿಗೆ ಲಾಡ್ಜನ್ನು ಮಾರ್ಚಿನಲ್ಲಿ ಹಿಡಿದೆವು. ಮೊದಲ ಬೆಳಿಗ್ಗೆಯೇ ಹೀಟರ್ ಕೆಟ್ಟಿತು. ಹಾಸಿಗೆಯಲ್ಲಿದ್ದವರು ಕಾಲುಚೀಲ ಬಿಚ್ಚುವುದಿಲ್ಲ ಎಂದು ಹಟ ಹಿಡಿದರು. ಹೀಟರ್ ರಿಪೇರಿಗೆ ಬಂದ ಯೂಜೀನ್ ಟಟಲ್ ಎಂಬ ಕೊಳಾಯಿಯವನು ಓವರ್‌ಕೋಟಿನ ಗುಂಡಿ ಕುತ್ತಿಗೆಯವರೆಗೂ ಹಾಕಿಕೊಂಡು ಬಾಗಿಲಲ್ಲಿ ನಿಂತು, ಒಳಗೆ ಏನು ನಡೆಯುತ್ತಿದೆ ಎಂಬ ಪರಿವೆಯೇ ಇಲ್ಲದೆ ಪೈಪುಗಳನ್ನು ಬೈಯುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನು ನಗಲಿಲ್ಲ. ನನಗೆ ಕಥೆ ಸಿಕ್ಕಿತ್ತು.

ನನ್ನಪ್ಪ ಇಪ್ಪತ್ತೆರಡು ಬೇಸಿಗೆ ಅದೇ ಬೆಟ್ಟದ ಹೋಟೆಲುಗಳಲ್ಲಿ ಜನರನ್ನು ನಗಿಸಿದವನು. ಅವನು ಹೇಳುತ್ತಿದ್ದ: “ಜನ ಏನನ್ನಾದ್ರೂ ಕಾಯ್ತಿರ್ಬೇಕು, ನೀನು ಅದನ್ನ ತಡೀತಿರ್ಬೇಕು. ಹಾಸ್ಯ ಅಂದ್ರೆ ಅಷ್ಟೇ.” ನೀಲಿಚಿತ್ರಕ್ಕೆ ಬಂದವರು ಏನನ್ನು ಕಾಯುತ್ತಾರೆ ಎಂಬುದು ಜಗತ್ತಿಗೇ ಗೊತ್ತು. ನಡುವೆ ಒಬ್ಬನನ್ನು ನಿಲ್ಲಿಸಿದರೆ ಸಾಕಿತ್ತು. ಟಟಲ್‌ನನ್ನೇ ಚಿತ್ರದಲ್ಲಿ ಅಗ್ನಿಶಾಮಕ ಇಲಾಖೆಯ ಇನ್ಸ್‌ಪೆಕ್ಟರ್ ಮಾಡಿದೆ. ಜೋಡಿ ಹಾಸಿಗೆಗೆ ಬಿದ್ದ ಕೂಡಲೇ ಬಾಗಿಲು ಬಡಿದು, ಕೈಯಲ್ಲಿ ಪ್ಯಾಡು ಹಿಡಿದು ಒಳಗೆ ಬರುತ್ತಾನೆ. “ಹಾಸಿಗೆ ಮೇಲೆ ಎಷ್ಟು ಜನ?” “ಇಬ್ರು.” “ನಿಯಮದ ಪ್ರಕಾರ ಸರಿ ಇದೆ. ಮುಂದುವರೀರಿ.” ಮುಂದುವರಿಯಲು ಹೋದರೆ ಮತ್ತೆ ಬಾಗಿಲು: “ಬೆಂಕಿ ಬಿದ್ರೆ ಈ ಕಿಟಕಿಯಿಂದ ಹಾರ್ತೀರೋ, ಆ ಕಿಟಕಿಯಿಂದಲೋ?”

ಚಿತ್ರ ತೆರೆಕಂಡ ಮಧ್ಯಾಹ್ನ ನಾವಿಬ್ಬರೂ ಹಿಂದಿನ ಸಾಲಿನಲ್ಲಿದ್ದೆವು. ಎರಡೆರಡು ಕುರ್ಚಿ ಬಿಟ್ಟು ಒಬ್ಬೊಬ್ಬರೇ ಕೂತಿದ್ದ ಗಂಡಸರು, ಯಾರೂ ಯಾರ ಮುಖ ನೋಡದವರು, ಮೊದಲು ಕೆಮ್ಮಿದರು, ಆಮೇಲೆ ನಕ್ಕರು, ಆಮೇಲೆ ತಿರುಗಿ ಪಕ್ಕದವನ ಮುಖ ನೋಡಿ ನಕ್ಕರು. ಅರ್ಧ ಚಿತ್ರ ಮುಗಿಯುವಾಗ ಅವರಿಗೆ ಹಾಸಿಗೆಯ ಚಿಂತೆ ಇರಲಿಲ್ಲ, ಲುವೆಲ್ಲಾಳ ಲಾಡ್ಜಿಗೆ ಅಗ್ನಿಶಾಮಕದವರ ಸರ್ಟಿಫಿಕೇಟು ಸಿಗುತ್ತದೋ ಇಲ್ಲವೋ ಎಂಬುದೇ ಚಿಂತೆ. ಥಿಯೇಟರಿನವನು ನಿನ್ನ ಕಾಲರ್ ಹಿಡಿದು, “ಏನ್ ಮಾಡಿದೀರ ನೀವು? ನಗೋಕೆ ಬೇರೆ ಥಿಯೇಟರ್ ಇದೆ,” ಅಂದ. ನನ್ನ ಬದುಕಿನ ಅತಿ ಸಂತೋಷದ ದಿನ ಅದು. ನಾಚಿಕೆಯಿಲ್ಲದೆ ಹೇಳುತ್ತೇನೆ.

ಪತ್ರಿಕೆಯವರು ಕೊಂಡಾಡುವ ಆ ಕೊನೆಯ ಮಾತೂ ನನ್ನದೇ. ಲಾಡ್ಜಿನ ಒಡತಿ ಲುವೆಲ್ಲಾ ಕೇಳುತ್ತಾಳೆ: “ಇನ್ಸ್‌ಪೆಕ್ಟ್ರೇ, ನಾಕು ದಿನದಿಂದ ನಿಂತೇ ಇದೀರಲ್ಲ?” ಅವನು ಹೇಳುತ್ತಾನೆ: “ಕೂತ್ಕೊಳ್ಳಿ ಅಂತ ಯಾರೂ ಅನ್ಲಿಲ್ಲ.” ಅದು ನನ್ನಪ್ಪ. ಆ ಹೋಟೆಲುಗಳಲ್ಲಿ ನಗಿಸುವವನಿಗೆ ಅತಿಥಿಗಳ ಜೊತೆ ಕುರ್ಚಿ ಇರಲಿಲ್ಲ. ಇಪ್ಪತ್ತೆರಡು ಬೇಸಿಗೆಯೂ ಅಡುಗೆಮನೆಯಲ್ಲಿ ನಿಂತುಕೊಂಡೇ ಸೂಪು ಕುಡಿದ. ನನ್ನಪ್ಪನನ್ನೂ ನೀನು ಕದ್ದೆ.

ಇನ್ನು ಕೋರ್ಟಿನ ವಿಷಯ. ಈ ಎರಡನೆಯ ಚಿತ್ರದ ಮೇಲೂ ಅಶ್ಲೀಲತೆಯ ಕೇಸು ಬಿತ್ತು. ಎಪ್ಪತ್ತಾರರ ಅಕ್ಟೋಬರಿನಲ್ಲಿ ನೀನು ಬೈಬಲ್ ಮೇಲೆ ಕೈಯಿಟ್ಟು ನಿಂತಿದ್ದೆ. ಹಾರೇಸ್ ಪಿಮ್ ಯಾರು ಎಂದು ಸರ್ಕಾರಿ ವಕೀಲ ಕೇಳಿದ. ಮೂರನೆಯ ಸಾಲಿನಲ್ಲಿ ಹಸಿರು ಕೋಟು ಹಾಕಿ ಕೂತಿದ್ದ ನನ್ನ ಕಡೆ ನೀನು ಬೆರಳು ತೋರಿಸಿದೆ. “ಅವಳೇ, ನನ್ನ ಹೆಂಡ್ತಿ. ಒಂದೊಂದು ಮಾತೂ ಅವಳದ್ದೇ. ನಾನು ಕ್ಯಾಮೆರಾ ಹಿಡಿದೋನು ಅಷ್ಟೇ.” ಜ್ಯೂರಿಗೆ ಚಿತ್ರ ತೋರಿಸಿದಾಗ ಚರ್ಚಿನಲ್ಲಿ ಆರ್ಗನ್ ನುಡಿಸುವ ಒಬ್ಬ ಹೆಂಗಸು ಮೊದಲು ನಕ್ಕಳು, ಉಳಿದ ಹನ್ನೊಂದು ಜನ ಅವಳ ಹಿಂದೆ. ನೀನು ಬಿಡುಗಡೆಯಾದೆ. ನನ್ನ ಹಾಸ್ಯ ನಿನ್ನನ್ನು ಜೈಲಿನಿಂದ ಉಳಿಸಿತು, ಮಾರನೆಯ ದಿನ ನನ್ನ ಶಾಲೆಯ ಕೆಲಸ ತಿಂದಿತು. ನಾಲ್ಕನೇ ತರಗತಿಯ ಮಕ್ಕಳಿಗೆ ಹೋಗಿಬರುತ್ತೇನೆ ಅನ್ನಲೂ ಬಿಡಲಿಲ್ಲ.

ಜೈಲಿನ ಭಯವಿದ್ದಾಗ ಚಿತ್ರ ನನ್ನದು, ಚಪ್ಪಾಳೆ ಬಿದ್ದಾಗ ನಿನ್ನದು. ಇದು ಯಾವ ಊರಿನ ನ್ಯಾಯ?

ನನಗೆ ಬೇಕಾದ್ದು ಒಂದೇ. ಹೊಸ ಪ್ರತಿಯಲ್ಲಿ ಹಾರೇಸ್ ಪಿಮ್ ಹೋಗಿ ಡೋರಿ ಫಿಶ್‌ಬೈನ್ ಎಂದು ಬರಬೇಕು. ಚಿತ್ರವನ್ನು ತೊಳೆಯುತ್ತಿರುವ ಟೆಸ್ ಎಂಬ ಹುಡುಗಿಗೆ ಫೋನ್ ಮಾಡಿದ್ದೆ. ಜೂನ್ ಒಂದರ ಒಳಗೆ ನೀನು ಬರೆದುಕೊಟ್ಟರೆ ಹೆಸರು ಬದಲಾಯಿಸುತ್ತಾರಂತೆ, ಆಮೇಲೆ ಆಗುವುದಿಲ್ಲವಂತೆ. ನನಗೆ ಎಪ್ಪತ್ತನಾಲ್ಕು. ಮೂರನೇ ಭಾಗಕ್ಕೆ ಕಾಯುವ ವಯಸ್ಸಲ್ಲ.

ಡೋರಿ ಫಿಶ್‌ಬೈನ್

ವಿ.ಸೂ.: ಕೋರ್ಟಿನ ದಾಖಲೆಯ ಪ್ರತಿ ನನ್ನ ಹತ್ತಿರ ಇದೆ. ಪುಟ ನೂರ ಹನ್ನೆರಡು.

*

ಬೋಕಾ ರಟೋನ್
೧೫ ಏಪ್ರಿಲ್ ೨೦೧೧

ನನ್ನ ಮುದ್ದಿನ ಹಾರೇಸ್,

ಪತ್ರ ತಲುಪಿತು. ಈಜುಕೊಳದ ಪಕ್ಕ ಕೂತು ಎರಡು ಸಲ ಓದಿದೆ. ಬೈಗುಳದಲ್ಲಿ ನಿನ್ನ ಕೈ ಇನ್ನೂ ಪಳಗಿದ್ದೇ.

ಕೋರ್ಟಿನಲ್ಲಿ ನಿನ್ನನ್ನು ತೋರಿಸಿದ್ದು ನಿಜ. ಬ್ರಾಡ್‌ಸ್ಕಿ ಕಿವಿಯಲ್ಲಿ ಹೇಳಿದ್ದ: “ಟೀಚರಮ್ಮ ಬರ್ದಿದ್ದು ಅಂದ್ರೆ ಜ್ಯೂರಿ ಕರಗತ್ತೆ.” ಕರಗಿತು. ಜೈಲಿಗೆ ಹೋಗುವುದು ಬೇಡವಾಗಿತ್ತು, ಹೇಳಿಬಿಟ್ಟೆ. ನಾನು ಹೇಡಿ, ಒಪ್ಪುತ್ತೇನೆ.

ಆದರೆ ಒಂದು ಕಾಗದದ ಬಗ್ಗೆ ನೀನು ಬಾಯಿಯೇ ಬಿಟ್ಟಿಲ್ಲವಲ್ಲ. ನೆರಳಚ್ಚು ಜೊತೆಗಿಟ್ಟಿದ್ದೇನೆ. ಎಪ್ಪತ್ತಾರರ ನವೆಂಬರ್, ಶಾಲಾ ಮಂಡಳಿಗೆ ನೀನು ಬರೆದ ಪತ್ರ: “ಈ ಹೊಲಸು ಚಿತ್ರದಲ್ಲಿ ನನ್ನದು ಎಂಬ ಒಂದು ಪದವೂ ಇಲ್ಲ. ನನ್ನ ಗಂಡ ಸುಳ್ಳು ಹೇಳಿದ್ದಾನೆ.” ಕೆಳಗೆ ನಿನ್ನ ಅಂದವಾದ ಸಹಿ. ನಾನು ಒಂದು ಸಲ ಸುಳ್ಳು ಹೇಳಿದೆ ಅಂತೀಯ, ನೀನು ಸಹಿ ಹಾಕಿ ಹೇಳಿದೆ. ಬರೆದದ್ದನ್ನೆಲ್ಲ ಒಲೆಗೆ ಹಾಕಿದವಳೂ ನೀನೇ. ನನ್ನ ತಂಗಿಯ ಹತ್ತಿರ, “ಆ ಸಿನಿಮಾ ನಾನು ನೋಡೂ ಇಲ್ಲ,” ಅಂದೆಯಂತೆ.

ಮೂವತ್ತೈದು ವರ್ಷ ಆ ಹೊಲಸನ್ನು ನಾನೊಬ್ಬನೇ ಹೊತ್ತೆ ಡೋರಿ. ಮದುವೆಮನೆಗಳಲ್ಲಿ ನನ್ನನ್ನು ಹಿಂದಿನ ಮೇಜಿಗೆ ಕೂರಿಸಿದರು. ನನ್ನ ಸ್ವಂತ ತಮ್ಮ ನನ್ನ ಪರಿಚಯ ಹೇಳುವಾಗ, “ಇವ್ನು ಫೋಟೊ ತೆಗೀತಾನೆ,” ಅನ್ನುತ್ತಿದ್ದ. ನೀನು ಆಗ ಎಲ್ಲಿದ್ದೆ? ಈಗ ಚಪ್ಪಾಳೆ ಕೇಳಿಸಿದ ಮೇಲೆ ವೇದಿಕೆ ಹತ್ತಲು ಬಂದಿದ್ದೀಯ.

ಬರೆದುಕೊಡುವುದಿಲ್ಲ. ಯಾರು ಏನು ಬರೆದರು ಎಂಬುದು ಇವತ್ತು ದೇವರಿಗೂ ಗೊತ್ತಿಲ್ಲ. ಆ ಕೊನೆಯ ಸಾಲು ಮಾತ್ರ ನನ್ನದು. ಉಳಿದದ್ದು ಹೇಗಾದರೂ ಇರಲಿ, ಅದನ್ನು ನನ್ನ ತಾಯಾಣೆಗೂ ಹೇಳುತ್ತೇನೆ.

ಮಾರ್ಟ್

ವಿ.ಸೂ.: ಬ್ರಿಸ್ಕೆಟ್ ನಿಜವಾಗಲೂ ಬೆಂದಿರಲಿಲ್ಲ.

*

ಪೋಕೀಪ್ಸಿ
೨೨ ಮೇ ೨೦೧೧

ಮಾರ್ಟ್,

ಹೌದು. ಶಾಲಾ ಮಂಡಳಿಗೆ ಆ ಪತ್ರ ಬರೆದವಳು ನಾನೇ. ನಿನಗೆ ಅದು ಸಿಗುತ್ತದೆ ಎಂದುಕೊಂಡಿರಲಿಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ. ನನ್ನ ತರಗತಿಯ ಮಕ್ಕಳನ್ನು ವಾಪಸ್ ಕೊಡುತ್ತಾರೆ ಎಂಬ ಆಸೆಗೆ ನನ್ನ ಅತ್ಯುತ್ತಮ ಕೆಲಸವನ್ನು ಹೊಲಸು ಎಂದು ಕರೆದು ಸಹಿ ಹಾಕಿದೆ. ಅವರು ಉತ್ತರವನ್ನೂ ಕೊಡಲಿಲ್ಲ. ಹಾಳೆಗಳನ್ನು ಸುಟ್ಟದ್ದೂ ನಾನೇ. ನಿನ್ನ ತಂಗಿಗೆ ಹೇಳಿದ್ದೂ ಹೌದು. ನೀನು ಒಂದು ದಿನ ಹೇಡಿಯಾದೆ, ನಾನು ಮೂವತ್ತೈದು ವರ್ಷ. ಇದನ್ನು ಓದಿ ಖುಷಿಪಡು, ನಿನಗೆ ಈ ಪತ್ರದಲ್ಲಿ ಸಿಗುವ ಖುಷಿ ಇದೊಂದೇ.

ನಿನ್ನ ಉತ್ತರ ಬಂದ ಮೇಲೆ ಸೋತೆ ಅಂದುಕೊಂಡಿದ್ದೆ. ನಿನ್ನ ಹತ್ತಿರ ನನ್ನ ಸಹಿ, ನನ್ನ ಹತ್ತಿರ ನಿನ್ನ ಪ್ರಮಾಣ, ಇಬ್ಬರೂ ಸುಳ್ಳುಗಾರರು. ಆಗ ಟೆಸ್ ಫೋನ್ ಮಾಡಿದಳು. “ಡೋರಿ ಆಂಟಿ, ಒಂದ್ಸಲ ಬಂದ್ಹೋಗ್ತೀರಾ? ಇನ್ಸ್‌ಪೆಕ್ಟರ್ ಕೈಲಿರೋ ಪ್ಯಾಡಲ್ಲಿ ಏನೋ ಕಾಣ್ತಿದೆ.”

ರೈಲು ಹತ್ತಿ ಹೋದೆ. ಟಟಲ್‌ಗೆ ಎರಡು ಪದವೂ ಬಾಯಿಪಾಠವಾಗುತ್ತಿರಲಿಲ್ಲ, ನೆನಪಿದೆಯಾ? ಅವನ ಮಾತುಗಳನ್ನು ನಾನು ಕಾರಿನಲ್ಲಿ ಕೂತು ಹಾಳೆಯಲ್ಲಿ ಬರೆದು ಪ್ಯಾಡಿಗೆ ಸಿಕ್ಕಿಸುತ್ತಿದ್ದೆ. ಅವನು ಅದನ್ನೇ ಕಾನೂನು ಪುಸ್ತಕ ಓದುವ ಹಾಗೆ ಓದುತ್ತಿದ್ದ, ಜನ ನಕ್ಕದ್ದೂ ಅದಕ್ಕೇ. ಅಂದಿನ ಪ್ರಿಂಟುಗಳಲ್ಲಿ ಆ ಹಾಳೆ ಬರೀ ಬಿಳಿ ಚುಕ್ಕೆ. ಈಗ ಟೆಸ್ ಮೂಲ ನೆಗೆಟಿವ್ ತೊಳೆದಿದ್ದಾಳೆ. ಪರದೆಯ ಮೇಲೆ ಅಷ್ಟಗಲ ಮಾಡಿ ತೋರಿಸಿದಳು. ನನ್ನ ಟೀಚರ್ ಅಕ್ಷರ, ಒಂದೊಂದೂ ಮುತ್ತಿನ ಹಾಗೆ. ಹಾಸಿಗೆ ಮೇಲೆ ಎಷ್ಟು ಜನ. ನಿಯಮದ ಪ್ರಕಾರ ಸರಿ ಇದೆ. ಅವನು ಹಾಳೆ ಮಗುಚಿದಾಗ ಹಿಂಬದಿಯಲ್ಲಿ ನೇರಳೆ ಶಾಯಿಯಲ್ಲಿ ಅಚ್ಚಾದ ಭಾಗಾಕಾರದ ಲೆಕ್ಕಗಳು, ನನ್ನ ನಾಲ್ಕನೇ ತರಗತಿಯವು. ನಾನು ಸುಟ್ಟದ್ದೆಲ್ಲ ಅಲ್ಲಿತ್ತು, ಹತ್ತೊಂಬತ್ತು ಹಾಳೆ, ಚಿತ್ರದ ಒಳಗೇ. ಆ ಕತ್ತಲ ಕೋಣೆಯಲ್ಲಿ ನಾನು ಗಟ್ಟಿಯಾಗಿ ಅತ್ತೆ. ಪಾಪ, ಏನು ಮಾಡಬೇಕೋ ತಿಳಿಯದೆ ಟೆಸ್ ನೀರು ತಂದಳು.

ನಿನ್ನ ಒಪ್ಪಿಗೆ ಇನ್ನು ಬೇಕಿಲ್ಲ. ಅಕ್ಷರ ನೋಡುವ ತಜ್ಞರು ಬಂದು ನೋಡಿ ಹೋದರು. ಕಥೆ, ಸಂಭಾಷಣೆ: ಡೋರಿ ಫಿಶ್‌ಬೈನ್. ಅಚ್ಚಿಗೆ ಹೋಗಿದೆ.

ಬಿಡುಗಡೆಯ ದಿನ ಬರುವುದಾದರೆ ನನ್ನಿಂದ ಮೂರು ಸಾಲು ದೂರ ಕೂರು.

ಡೋರಿ

ವಿ.ಸೂ.: ಹತ್ತೊಂಬತ್ತನೆಯ ಹಾಳೆಯಲ್ಲಿ ನಾನು ಬರೆದಿದ್ದ ಕೊನೆಯ ಮಾತು ಬೇರೆಯೇ ಇತ್ತು. ಕಾಲುಚೀಲದ ಬಗ್ಗೆ ಒಂದು ಜೋಕು, ಅಷ್ಟೇನೂ ಚೆನ್ನಾಗಿಲ್ಲ. ಅದಕ್ಕೆ ಗೀಟು ಹಾಕಿ, ಕೆಳಗೆ ನಿನ್ನ ಕಾಗೆ ಕಾಲಿನ ಅಕ್ಷರದಲ್ಲಿ ಬರೆದಿದೆ: ಕೂತ್ಕೊಳ್ಳಿ ಅಂತ ಯಾರೂ ಅನ್ಲಿಲ್ಲ. ನನಗೆ ಮರೆತೇ ಹೋಗಿತ್ತು, ನಿಜವಾಗಲೂ. ಆ ಸಾಲು ನಿನ್ನದು ಎಂದು ಟೆಸ್‌ಗೆ ಹೇಳಿ, ನನ್ನ ಹೆಸರಿನ ಕೆಳಗೆ ಹಾಗೇ ಹಾಕಿಸಿದ್ದೇನೆ. ಅದು ಬೇಕಾದರೆ ಹಾಳೆಯನ್ನು ನೀನು ಒಪ್ಪಬೇಕು, ಹಾಳೆಯನ್ನು ಒಪ್ಪಿದರೆ ಉಳಿದ ಹದಿನೆಂಟನ್ನೂ ಒಪ್ಪಬೇಕು. ಅಪ್ಪ ನಿಂತು ಸೂಪು ಕುಡಿದದ್ದನ್ನು ನಾನು ನಿನಗೆ ಒಂದೇ ಸಲ ಹೇಳಿದ್ದೆ, ಲಾಡ್ಜಿಗೆ ಹೋಗುವ ದಾರಿಯಲ್ಲಿ, ನೀನು ರೇಡಿಯೊ ತಿರುಗಿಸುತ್ತಿದ್ದಾಗ. ವಿಚ್ಛೇದನದ ಅರ್ಜಿಯಲ್ಲಿ ಮೊದಲನೆಯ ಕಾರಣ ಎಂದು ನಾನು ಬರೆದುಕೊಟ್ಟದ್ದು, ಈ ಮನುಷ್ಯ ನನ್ನ ಒಂದು ಮಾತನ್ನೂ ಕೇಳಿಸಿಕೊಂಡವನಲ್ಲ ಎಂದು. ಆ ಒಂದು ಕಾರಣವನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಉಳಿದ ಆರು ಹಾಗೇ ಇವೆ.