ಬೆಡ್ಡಿನ ಬೆನ್ನಿಗೆ ಎರಡು ತೂತು

ಮಾರ್ಚ್ 4
ಬ್ರಾಕೆಟ್ ಉಜ್ಜಿ ಮುಗಿಸಿದೆ. ಗೈಡ್ ಪಟ್ಟಿಯ ಮೇಲೆ ಬ್ಲಾಕ್ ಬೆಣ್ಣೆಯ ಹಾಗೆ ಜಾರುತ್ತಿದೆ. ಪಟ್ಟಿಯನ್ನು ಲೇತ್‌ನ ಹಿಂದೆ ಓರೆಯಾಗಿ ಕೂರಿಸಿದರೆ ಬ್ಲಾಕಿಗೆ ಜೋಡಿಸಿದ ಟೂಲ್ ಅದೇ ಓರೆ ಹಿಡಿದು ಸಾಗುತ್ತದೆ, ಶಾಫ್ಟಿನ ತುದಿ ಸಮವಾಗಿ ಸಪೂರವಾಗುತ್ತದೆ. ಅಷ್ಟೇ ವಿಷಯ. ಆದರೆ ಕೂರಿಸಲು ಬೆಡ್ಡಿನ, ಅಂದರೆ ಲೇತ್‌ನ ಕಬ್ಬಿಣದ ಅಡಿಪೀಠದ, ಬೆನ್ನಿಗೆ ಎರಡು ತೂತು ಬೇಕು.
ಅಪ್ಪನನ್ನು ಕೇಳಿದೆ.
"ತೂತಾ? ಬೆಡ್ಡಿಗಾ? ಮೊದ್ಲು ನನ್ನ ಬೆನ್ನಿಗೆ ಕೊರಿ."

ಮಾರ್ಚ್ 5
ಜನರನ್ನು ಹೊಳೆ ದಾಟಿಸುವ ಅಣ್ಣನ ಲಾಂಚ್ ಇನ್ನೂ ದಡದಲ್ಲೇ. ಹೋದ ತಿಂಗಳು ನಡುಹೊಳೆಯಲ್ಲಿ ಪ್ರೊಪೆಲರ್ ಶಾಫ್ಟಿನ ಮೇಲೆ ಸಡಿಲಾಯಿತು. ತುಂಬ ಜನ ಇದ್ದರು. ಅಣೆಕಟ್ಟಿನ ಕಡೆ ತೇಲುತ್ತಿದ್ದಾಗ ಇನ್ನೊಂದು ದೋಣಿಯವರು ಹಗ್ಗ ಎಸೆದರು. ಆ ಶಾಫ್ಟಿನ ಟೇಪರ್, ಆ ಸಪೂರ ತುದಿ, ಕಡೆದದ್ದು ಅಪ್ಪ — ತಮ್ಮ ಹಳೆಯ ಕ್ರಮದಲ್ಲಿ, ಶಾಫ್ಟಿನ ಇನ್ನೊಂದು ತುದಿ ಹಿಡಿಯುವ ಟೇಲ್‌ಸ್ಟಾಕ್ ಪಕ್ಕಕ್ಕೆ ಸರಿಸಿ. ಮನೆಯಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ. ಊಟದ ಹೊತ್ತಿಗೆ ಅದೂ ಒಂದು ತಟ್ಟೆ ಹಾಕಿಕೊಂಡು ನಮ್ಮ ಜೊತೆ ಕೂರುತ್ತದೆ.
ಅತ್ತಿಗೆ ಪಾತ್ರೆ ತೊಳೆಯುತ್ತ ಅಂದರು: "ಕೋಣ ಎರಡು ಗುದ್ದಾಡಿದ್ರೆ ಗಿಡಕ್ಕೆ ಮಿತ್ತಂತೆ. ಇಲ್ಲಿ ಗಿಡ ನನ್ನ ಗಂಡ."
ಓದುತ್ತಿದ್ದ ಕಾದಂಬರಿಯಲ್ಲಿ ಹಡಗು ಮುಳುಗುವ ಅಧ್ಯಾಯ ಬಂತು. ಮುಚ್ಚಿಟ್ಟೆ.

ಮಾರ್ಚ್ 6, ಮಧ್ಯಾಹ್ನ
ರಾಜಿ. ತೂತಿಲ್ಲದೆ ಬ್ರಾಕೆಟ್ಟನ್ನು ಕ್ಲಾಂಪ್ ಹಾಕಿ ಬಿಗಿದೆ. ಅಪ್ಪ ಶೆಡ್ಡಿನ ಬಾಗಿಲಲ್ಲಿ ಪೇಪರ್ ಹಿಡಿದು ಕೂತಿದ್ದರು. ಪುಟ ತಿರುಗಿಸಲಿಲ್ಲ.
ಹಳೆಯ ತುಂಡೊಂದರ ಮೇಲೆ ಕಡೆದೆ. ಎಲ್ಲೆಲ್ಲಿ ತಾಗುತ್ತದೆ ಎಂದು ನೋಡಲು ಟೇಪರಿಗೆ ನೀಲಿ ಬಣ್ಣ ಸವರಿ, ಪ್ರೊಪೆಲರಿನೊಳಗೆ ತಳ್ಳಿ, ತಿರುಗಿಸಿ ತೆಗೆದೆ. ದಪ್ಪ ತುದಿಯಲ್ಲಿ ಮಾತ್ರ ನೀಲಿ ಒರೆಸಿಹೋಗಿತ್ತು. ಸಣ್ಣ ತುದಿ ಮುಟ್ಟಿಯೇ ಇಲ್ಲ. ಕಡೆಯುವಾಗ ಕ್ಲಾಂಪ್ ಕೂದಲೆಳೆಯಷ್ಟು ಸರಿದಿದೆ. ಹೀಗೇ ಕೊಟ್ಟರೆ ಅಣ್ಣ ಮತ್ತೆ ನಡುಹೊಳೆಯಲ್ಲಿ...
ಅಪ್ಪ ಎದ್ದು ಬಂದು ತುಂಡನ್ನು ಬೆಳಕಿಗೆ ಹಿಡಿದರು.
"ನಂದೂ ಹೀಗೇ ಕೂತಿತ್ತೇನೋ."
ತುಂಡನ್ನು ತಿರುಗಿಸಿ ಇನ್ನೊಮ್ಮೆ ನೋಡಿದರು.
"ನೀಲಿ ಹಚ್ಚಿ ನೋಡ್ಲಿಲ್ಲ ನಾನು. ಕೈಗೆ ಸರಿ ಅನ್ನಿಸ್ತು."

ಮಾರ್ಚ್ 9
ಆಮೇಲೆ ಎರಡು ದಿನ ಅಪ್ಪ ಶೆಡ್ಡಿನ ಕಡೆ ಸುಳಿದಿರಲಿಲ್ಲ. ಇವತ್ತು ನಾನು ಹೋಗುವಷ್ಟರಲ್ಲಿ ಬೆಡ್ಡಿನ ಬೆನ್ನಿನ ಬಣ್ಣ ಕೆರೆದಿತ್ತು. ತೂತು ಬೀಳಬೇಕಾದಲ್ಲಿ ಪಂಚಿನ ಎರಡು ಗುರುತು. ಅಳತೆ ನನ್ನ ಬ್ರಾಕೆಟ್‌ನದೇ.
"ಕೆಲ್ಸ ಮುಗಿದ್ಮೇಲೆ ಬಿಚ್ಚಿ ತೂತು ಮುಚ್ಚಬೇಕು. ಮಾತು ಕೊಡು."
ಕೊಟ್ಟೆ. ಡ್ರಿಲ್ ಇಳಿಯಿತು, ಕಪ್ಪು ಪುಡಿ ಉದುರಿತು. ಅಪ್ಪ ಗೋಡೆಯ ಕಡೆ ತಿರುಗಿದರು — ಮಗುವಿಗೆ ಸೂಜಿ ಚುಚ್ಚುವಾಗ ತಿರುಗುವ ಹಾಗೆ.

ಮಾರ್ಚ್ 10
ಇರುವುದು ಒಂದೇ ಶಾಫ್ಟ್. ಕೆಟ್ಟರೆ ಕೆಟ್ಟಿತು. ಟೂಲ್ ತಾಗಿಸುವಷ್ಟರಲ್ಲಿ ಅಪ್ಪ ಕೂಗಿದರು.
"ತಡಿ! ಇನ್ನೂ ಹಿಂದಿನಿಂದ ಬಿಡು. ನಿನ್ನ ಬ್ಲಾಕಲ್ಲಿ ಒಂಚೂರು ಸಡಿಲು ಇದ್ದೇ ಇರುತ್ತೆ. ಅದು ಗಾಳೀಲೇ ತೀರಿಹೋಗ್ಲಿ, ಶಾಫ್ಟ್ ಮೇಲೆ ಬೇಡ."
ಈ ಸಾಧನವನ್ನು ಅವರು ಮೊದಲು ಕಂಡೇ ಇಲ್ಲ. ಆದರೂ ಹೇಳಿದ್ದು ಸರಿ.
ಕಡೆದು ಮುಗಿಸಿ ನೋಡಿದೆ: ನೀಲಿ ಉದ್ದಕ್ಕೂ ಒಂದೇ ಸಮ ತಾಗಿದೆ. ಅಪ್ಪ ಮತ್ತೆ ಹಚ್ಚಿಸಿದರು. ಮತ್ತೊಮ್ಮೆ.
"ಸಾಕಪ್ಪಾ," ಅಂದ ಅಣ್ಣ, "ಶಾಫ್ಟಿಗೇ ನಾಚಿಕೆ ಆಗ್ತಿದೆ."

ಮಾರ್ಚ್ 12, ಬೆಳಗ್ಗೆ 8
ದಡದ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು. ಶಾಫ್ಟ್ ಕೂರಿಸಿ, ಪರೀಕ್ಷೆಗೆಂದು ಅಣ್ಣ ಒಬ್ಬನೇ ಹೊರಟ. ಜನರ ಬದಲು ಮರಳಿನ ಮೂಟೆ. ಆಚೆ ದಡ ಮುಟ್ಟಿದರೆ ಎರಡು ಸಲ ಹಾರ್ನ್.
ನಡುಹೊಳೆ. ಎಂಜಿನ್ ಸದ್ದು ಕುಗ್ಗಿತು. ಅತ್ತಿಗೆಯ ಉಗುರು ನನ್ನ ತೋಳಿನಲ್ಲಿ. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದಾರೆ. "ಸೆಳವು ದಾಟ್ತಿದ್ದಾನೆ. ಏನಿಲ್ಲ. ಏನಿಲ್ಲ." ಯಾರಿಗೆ ಹೇಳುತ್ತಿದ್ದಾರೋ.
ಸದ್ದು ಏರಿತು.
ಹಾರ್ನ್. ಇನ್ನೊಂದು.
ಅತ್ತಿಗೆ ಅಳುತ್ತ ನನಗೇ ಬೈದರು.

ಮಧ್ಯಾಹ್ನ
ಮಾತಿನಂತೆ ಬ್ರಾಕೆಟ್ ಬಿಚ್ಚಲು ಹೋದೆ. ಗೋಡೆಯ ಮೊಳೆಯಲ್ಲಿ ಸ್ಪ್ಯಾನರ್ ಇಲ್ಲ. ಬಾಗಿಲಲ್ಲಿ ಅಪ್ಪ, ಪೇಪರ್. ಪುಟ ತಿರುಗಿಸುತ್ತಿದ್ದಾರೆ.
"ಅಪ್ಪಾ, ಸ್ಪ್ಯಾನರ್?"
"ನನ್ನನ್ನ ಕೇಳಿದ್ರೆ?"
ಕೂತಲ್ಲಿಂದ ಏಳಲೂ ಇಲ್ಲ. ಕುರ್ಚಿಯ ಮೆತ್ತೆಯ ಕೆಳಗಿಂದ ಸ್ಪ್ಯಾನರಿನ ಹಿಡಿಯ ತುದಿ ಕಾಣುತ್ತಿತ್ತು.
ಹುಡುಕಬೇಕು. ನಾಳೆ. ಅಥವಾ...