ಡಾಕ್ಟರಿಗಿಂತ ಮುಂಚೆ

ಗುರುವಾರ, ಬೆಳಿಗ್ಗೆ

ಪುಟ್ಟೀ,

ಚೆನ್ನಾಗಿದ್ದೀಯಾ ಎಂದು ಕೇಳಿ ಶುರುಮಾಡಬೇಕಿತ್ತು, ಕೈ ಓಡುತ್ತಿಲ್ಲ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆದು ನಿಮ್ಮಪ್ಪನ ಕೈಲಿ ಕಳಿಸುತ್ತಿದ್ದೇನೆ. ಅವರಿಗೆ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಹೋದ ವಾರ ಎದೆಯ ಸ್ಕ್ಯಾನಿಗೆಂದು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆಯಲ್ಲ, ಅದರ ರಿಪೋರ್ಟ್ ನಿನ್ನೆ ಮೊಬೈಲಿಗೆ ಬಂತು. ಇನ್ಮೇಲೆ ಕಾಗದ ಕೊಡಲ್ಲ ಆಂಟಿ, ಎಲ್ಲಾ ಮೊಬೈಲಲ್ಲೇ ನೋಡ್ಕೋಬೇಕು ಎಂದು ಕೌಂಟರಿನ ಹುಡುಗಿ ಅವತ್ತೇ ಹೇಳಿದ್ದಳು. ನಾನು ಬೇಡವೆಂದು ಗೊಣಗಿದರೂ ನೀನು ಮೊಬೈಲ್ ಕಿತ್ತುಕೊಂಡು ಖಾತೆ ತೆರೆದೇಬಿಟ್ಟೆ. ಪಾಸ್‌ವರ್ಡಿಗೆ ನಮ್ಮ ಬೆಕ್ಕಿನ ಹೆಸರಿಟ್ಟೆ. ಅವತ್ತು ಇಬ್ಬರೂ ನಕ್ಕಿದ್ದೆವು.

ನಿನ್ನೆ ಒಂದು ಅಂಗಿಗೆ ತೋಳು ಕೂಡಿಸುತ್ತಿದ್ದೆ. ಬಟ್ಟೆಯ ತುಂಡುಗಳ ಕೆಳಗೆಲ್ಲೋ ಮೊಬೈಲ್ ಗುಂಯ್ ಎಂದಿತು. ತೆರೆದರೆ ಅರ್ಧಕ್ಕರ್ಧ ತಲೆಗೆ ಹತ್ತದ ಮಾತು. ಕೊನೆಯಲ್ಲಿ ಮಾತ್ರ ಕೆಂಪಕ್ಷರದಲ್ಲಿ, ಗಂಟು ಅನುಮಾನಕ್ಕೆ ಎಡೆಮಾಡಿದೆ, ತಡಮಾಡದೆ ವೈದ್ಯರನ್ನು ಕಾಣಿ ಎಂದಿತ್ತು. ಆಮೇಲೆ ನೋಡಿದರೆ ಎಡಗಡೆಯ ತೋಳನ್ನು ಬಲಕ್ಕೆ ಹೊಲಿದಿದ್ದೆ.

ಮುಂಚೆಯೆಲ್ಲ ಡಾಕ್ಟರು ತಾವು ಓದಿ, ಕೂತ್ಕೊಳ್ಳಿ ಎಂದು, ನಮ್ಮ ಮುಖ ನೋಡಿಕೊಂಡು ಹೇಳುತ್ತಿದ್ದರು. ಈಗ ಅವರಿಗಿಂತ ಮುಂಚೆ ನನಗೇ ಸುದ್ದಿ. ಅವರು ಸಿಗುವುದು ಶನಿವಾರವಂತೆ, ಅದನ್ನೂ ಮೊಬೈಲೇ ಹೇಳಿತು.

ಭಯವಾಗುತ್ತಿದೆ ಕಣೇ. ಎದೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತೇನೆ. ಗಂಟು ಸಿಕ್ಕಿದಂತೆಯೂ ಆಗುತ್ತದೆ, ಇಲ್ಲವೇ ಇಲ್ಲ ಅಂತಲೂ ಅನಿಸುತ್ತದೆ. ಯಾಕೆ ಮಂಕಾಗಿದ್ದೀಯ ಎಂದು ನಿಮ್ಮಪ್ಪ ಕೇಳಿದರೆ ಕಣ್ಣಿಗೆ ಧೂಳು ಬಿತ್ತೆಂದೆ. ಮೊಬೈಲನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಮುಚ್ಚಿಟ್ಟಿದ್ದೇನೆ. ನಾನು ಹೋದರೆ ಆ ಮನುಷ್ಯನ ಗತಿಯೇನು, ಉಪ್ಪಿನ ಡಬ್ಬಿ ಎಲ್ಲಿದೆಯೆಂದೂ ಅವರಿಗೆ ಗೊತ್ತಿಲ್ಲ.

ಶನಿವಾರ ರಜೆ ಹಾಕಿ ನನ್ನ ಜೊತೆ ಬಾ. ಒಬ್ಬಳೇ ಹೋಗಲು ಧೈರ್ಯವಿಲ್ಲ. ಶಾಲೆಯಲ್ಲಿ ಏನಾದರೂ ನೆಪ ಹೇಳು, ಟೀಚರ್ ಒಂದು ದಿನ ಬರದಿದ್ದರೆ ಮಕ್ಕಳಿಗೆ ಖುಷಿಯೇ.

ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಾಕುವ ಮುಂಚೆ ಕೌಂಟರಿಗೆ ಫೋನ್ ಮಾಡಿದೆ. ರಿಪೋರ್ಟಿನಲ್ಲಿ ಹೆಸರಿರಲಿಲ್ಲ, ಚೀಟಿ ನಂಬರು ಮತ್ತು ವಯಸ್ಸು ಮಾತ್ರ. ವಯಸ್ಸು ಮೂವತ್ತಾರು ಎಂದಿತ್ತು. ನನ್ನ ಅರವತ್ತಮೂರನ್ನು ತಿರುಗಿಸಿ ಬರೆದಿದ್ದಾರೆ, ತಿದ್ದಿಸಿಬಿಡೋಣ ಎಂದುಕೊಂಡೆ. ಹುಡುಗಿ ನೋಡಿ, ವಯಸ್ಸು ಸರಿಯಾಗೇ ಇದೆ ಆಂಟಿ, ನಿಮ್ಮ ನಂಬರಲ್ಲಿ ಎರಡು ಖಾತೆ ಇದೆ, ನಿಮ್ಮದು ನಾರ್ಮಲ್ ಬಂದಿದೆ, ಇದು ನಿಮ್ಮ ಮಗಳದು ಎಂದಳು. ನಾನು ಒಳಗಿದ್ದಾಗ ನೀನೂ ಸ್ಕ್ಯಾನಿಗೆ ಹೆಸರು ಕೊಟ್ಟು, ಮಾರನೇ ದಿನ ಒಬ್ಬಳೇ ಬಂದು ಮಾಡಿಸಿಕೊಂಡೆಯಂತೆ. ಹೆಸರು ಕೊಡುವಾಗ ನಿನ್ನ ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲವೆಂದು ನನ್ನ ನಂಬರನ್ನೇ ಕೊಟ್ಟು, ಆಮೇಲೆ ಬದಲಾಯಿಸುತ್ತೇನೆ ಎಂದು ಹೇಳಿ ಮರೆತೆಯಂತೆ. ಗಂಟು ಕೈಗೆ ಸಿಕ್ಕಿದ್ದು ನಿನಗೆ. ಅಮ್ಮನಿಗೆ ಒಂದು ಮಾತು ಹೇಳಬಾರದಿತ್ತೇ. ನಿನ್ನೆಯಿಂದ ಪಟ್ಟದ್ದನ್ನೇ ಭಯ ಎಂದುಕೊಂಡಿದ್ದೆ. ನಿಮ್ಮಪ್ಪನ ಕೈಲಿ ಇದನ್ನು ಕಳಿಸುವುದಿಲ್ಲ. ನೀನು ಶಾಲೆಯಿಂದ ಬರುವಷ್ಟರಲ್ಲಿ ನಿನ್ನ ಮನೆ ಬಾಗಿಲಲ್ಲಿರುತ್ತೇನೆ. ಬಾಯಿಬಿಟ್ಟು ಹೇಳಲು ನನ್ನಿಂದಾಗದು, ಇದನ್ನು ನಿನ್ನ ಕೈಗಿಟ್ಟು ಪಕ್ಕದಲ್ಲಿ ಕೂರುತ್ತೇನೆ.